ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ತನ್ನ ಕೈಲಾಗದುದಕ್ಕೆ ಅನ್ಯರನ್ನು ದೂರುವವರ ಬಾಯಿ ಮುಚ್ಚಿಸಲು ಶಿಕ್ಷಕರಾದ ನಾವು ಈ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ಬಳಸಿದ್ದೇವೆಯೋ ಲೆಕ್ಕವಿಲ್ಲ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೇ ಡೊಂಕಾಗಿರುತ್ತದೆ. ಆಗ ಕುಣಿಯುವವಳನ್ನು ಗದರಿಸಿ ಪ್ರಯೋಜನವಿಲ್ಲ. ನೆಲವನ್ನು ಸಮ ಮಾಡಬೇಕು. ಈ ಮಾತು ನಮಗೆ ಮನದಟ್ಟಾದದ್ದು ಕಂಪ್ಯೂಟರ್ ಕೋಣೆಯಲ್ಲಿ.

ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಿಂದ ಬರುವ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಳು. ಹೆಸರು ಮತ್ತು ಅಂಕಗಳನ್ನು ಕೇಳಿ, ಉತ್ತೀರ್ಣವೋ ಅನುತ್ತೀರ್ಣವೋ ಎಂಬುದನ್ನು ಕನ್ನಡದಲ್ಲಿ ಹೇಳುವಂಥದು. ಅಂದು ಸಾಯಂಕಾಲ ಎಲ್ಲವೂ ಸರಿಯಾಗಿತ್ತು. ಮನೆಗೆ ಹೋಗುವ ಅವಸರದಲ್ಲಿ ಫೈಲನ್ನು ಉಳಿಸುವಾಗ ಇಂಗ್ಲಿಷಿನಲ್ಲಿ ಏನೋ ಒಂದು ಸೂಚನೆ ಬಂದಿತು. ಅವಳಿಗೆ ಅದು ಅರ್ಥವಾಗಲಿಲ್ಲ, ‘ಓಕೆ’ ಒತ್ತಿಬಿಟ್ಟಳು. ಮರುದಿನ ತೆರೆದು ನೋಡಿದರೆ ಕನ್ನಡ ಅಕ್ಷರಗಳಿದ್ದ ಕಡೆಯಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು!

“ಸರ, ನಿನ್ನೆ ಕನ್ನಡ ಇತ್ರಿ. ಇವತ್ತ ಬರೇ ಪ್ರಶ್ನಾರ್ಥಕ ಚಿನ್ನೆ ಅದಾವ್ರಿ. ಕಂಪ್ಯೂಟರಿಗೆ ನಮ್ಮ ಕನ್ನಡ ಬರಂಗಿಲ್ಲ ಕಾಣಸ್ತದ್ರಿ” ಎಂದಳು.

“ನೀನೇ ಏನೋ ಒತ್ತಿ ಕೆಡಿಸಿರಬೇಕು” ಎಂದು ನಾವು ಗದರಿದೆವು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಆ ದಿನ ನಮಗೂ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕಿಂತ ಗದರುವುದು ಸುಲಭವಾಗಿತ್ತು. ವಾರದ ನಂತರ ಅವಳ ತಂದೆ ಶಾಲೆಗೆ ಬಂದರು. ಸೊಲ್ಲಾಪುರದ ಒಂದು ಪವರ್‌ಲೂಮ್ ಕಾರ್ಖಾನೆಯಲ್ಲಿ ದುಡಿಯುವವರು. ಮಗಳು ಕಂಪ್ಯೂಟರ್ ತಾಸಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ಬರುವ ವರ್ಷ ಇಂಗ್ಲಿಷ್ ಸಾಲಿಗೆ ಹಾಕಬೇಕೇನು ಎಂದು ಕೇಳುವುದಕ್ಕೆ ಬಂದಿದ್ದರು. ಪ್ರಶ್ನಾರ್ಥಕ ಚಿಹ್ನೆಗಳ ಸಂಗತಿಯನ್ನು ಕೇಳಿ ಅವರು ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು: “ಸರ, ನಮ್ಮ ಕಾರ್ಖಾನ್ಯಾಗ ಚಾದರದ ಡಿಸೈನ್ ಕೆಟ್ರ ನಾವು ನೂಲಿಗಿ ಬೈಯಂಗಿಲ್ರಿ. ಮಗ್ಗ ನಿಂದ್ರಿಸಿ ಕಾರ್ಡ್ ನೋಡ್ತೀವ್ರಿ. ಇದಕ್ಕೂ ಅಂಥದ್ದೇನರೆ ಇರಬೇಕಲ್ರಿ?”

ಇತ್ತು. ಫೈಲನ್ನು ಉಳಿಸುವ ಕ್ರಮದ ಒಂದೇ ಒಂದು ಸೆಟ್ಟಿಂಗ್ ತಪ್ಪಿತ್ತು. ತಪ್ಪು ಆ ಹುಡುಗಿಯದಾಗಿರಲಿಲ್ಲ, ಕನ್ನಡದ್ದೂ ಆಗಿರಲಿಲ್ಲ. ಆದರೆ ಆ ಒಂದು ಸೆಟ್ಟಿಂಗಿಗಾಗಿ ಒಂದು ಮಗು ಒಂದು ವಿದ್ಯೆಯನ್ನೇ ಬಿಡುವ, ಒಂದು ಮನೆತನ ಮಾಧ್ಯಮವನ್ನೇ ಬದಲಿಸುವ ಪ್ರಸಂಗ ಬಂದಿತ್ತು. ಆದುದರಿಂದ ಈ ವಿಷಯವನ್ನು ಕುರಿತು ವಿದ್ಯಾರ್ಥಿಗಳೊಂದಿಗೂ ಪಾಲಕರೊಂದಿಗೂ ನಾಲ್ಕು ಮಾತು ಆಡಬೇಕೆಂದು ಈ ಲೇಖನ.

ಪಾಲಕರು ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಸೊಲ್ಲಾಪುರದ ಚಾದರವನ್ನು ನೇಯುವ ಜಾಕಾರ್ಡ್ ಮಗ್ಗಕ್ಕೂ ಕಂಪ್ಯೂಟರಿಗೂ ರಕ್ತಸಂಬಂಧವಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಫ್ರಾನ್ಸ್ ದೇಶದ ಜೋಸೆಫ್ ಮೇರಿ ಜಾಕಾರ್ಡ್ ಎಂಬವನು 1804ರ ಸುಮಾರಿಗೆ ರೂಪಿಸಿದ ಈ ಯಂತ್ರದಲ್ಲಿ, ರಟ್ಟಿನ ಕಾರ್ಡಿನಲ್ಲಿ ತೂತು ಇದ್ದರೆ ಹಾಸಿನ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಇದ್ದರೆ ಒಂದು ಕೆಲಸ, ಇಲ್ಲದಿದ್ದರೆ ಇನ್ನೊಂದು ಎಂಬ ಇದೇ ನಿಯಮದ ಮೇಲೆ ಇಂದಿನ ಕಂಪ್ಯೂಟರ್ ನಡೆಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಯೋಚಿಸಿದ ಗಣನ ಯಂತ್ರಕ್ಕೆ ಈ ಮಗ್ಗದ ಕಾರ್ಡುಗಳನ್ನೇ ಮಾದರಿಯಾಗಿ ತೆಗೆದುಕೊಂಡನು. ಹೀಗಿರುವಾಗ ನೇಕಾರರ ಊರಿನ ಮಕ್ಕಳಿಗೆ ಪ್ರೋಗ್ರಾಂ ಬರೆಯುವ ವಿದ್ಯೆ ಪರಕೀಯವಾಗುವುದು ಹೇಗೆ?

ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ಬರೆದುಕೊಡುವ ಕೆಲಸದ ಪಟ್ಟಿ. ಅದನ್ನು ಬರೆಯುವ ಹಲಗೆಯೇ ಕೋಡ್ ಎಡಿಟರ್. ಪೈಥಾನ್ ಜೊತೆಗೇ ಬರುವ ಐಡಲ್, ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗಾಗಿ ಸಿದ್ಧವಾದ ಥಾನಿ, 2003ರಲ್ಲಿ ಬಂದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಎಸ್ ಕೋಡ್ ಇವೆಲ್ಲ ದುಡ್ಡಿಲ್ಲದೆ ದೊರೆಯುವ ಎಡಿಟರುಗಳು. ಬರೆಯುವ ಹಲಗೆಗೂ ಕೆಲವು ವ್ಯವಸ್ಥೆಗಳಿರುತ್ತವೆ: ಅಕ್ಷರದ ಗಾತ್ರ ಎಷ್ಟು, ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು, ಫೈಲನ್ನು ಯಾವ ಕ್ರಮದಲ್ಲಿ ಉಳಿಸಬೇಕು ಇತ್ಯಾದಿ. ಇವುಗಳಿಗೆ ಸೆಟ್ಟಿಂಗ್ ಎನ್ನುತ್ತಾರೆ. ನಮ್ಮ ಅನುಭವದಲ್ಲಿ ಹೊಸದಾಗಿ ಕಲಿಯುವ ಮಕ್ಕಳು ‘ನನಗೆ ಬರುವುದಿಲ್ಲ’ ಎಂದು ಕೈಚೆಲ್ಲುವ ಪ್ರಸಂಗಗಳಲ್ಲಿ ಬಹಳಷ್ಟು, ಬುದ್ಧಿಗೆ ಸಂಬಂಧಿಸಿದವುಗಳಲ್ಲ; ಈ ವ್ಯವಸ್ಥೆಗಳಿಗೆ ಸಂಬಂಧಿಸಿದವುಗಳು. ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು. ಪ್ರೋಗ್ರಾಂ ತಿದ್ದಿರುತ್ತೇವೆ, ಆದರೆ ಉತ್ತರ ಮಾತ್ರ ಹಳೆಯದೇ ಬರುತ್ತದೆ. ಕಾರಣವಿಷ್ಟೆ: ತಿದ್ದಿದ್ದು ಪರದೆಯ ಮೇಲಿದೆ, ಫೈಲಿನಲ್ಲಿ ಉಳಿದಿಲ್ಲ. ವಿಎಸ್ ಕೋಡಿನಲ್ಲಿ ಫೈಲಿನ ಹೆಸರಿನ ಪಕ್ಕದಲ್ಲಿ ಒಂದು ದುಂಡನೆಯ ಚುಕ್ಕೆ ಕಂಡರೆ ಅದು ಉಳಿಸಿಲ್ಲವೆಂಬ ಗುರುತು. ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಕೂಡಿಸಿ ಒತ್ತಬೇಕು. ಮರೆವಿನವರು ಫೈಲ್ ಪಟ್ಟಿಯಲ್ಲಿರುವ ಆಟೋ ಸೇವ್ ಎಂಬುದನ್ನು ಒಮ್ಮೆ ಹಚ್ಚಿಟ್ಟರೆ ಆ ಚಿಂತೆ ತಪ್ಪಿತು.

ಎರಡನೆಯದು ಹೆಸರಿನ ಬಾಲ. ಪೈಥಾನ್ ಫೈಲಿನ ಹೆಸರು ‘ಡಾಟ್ ಪಿವೈ’ ಎಂದು ಮುಗಿಯಬೇಕು. ಆದರೆ ನೋಟ್‌ಪ್ಯಾಡಿನಂಥ ಸಾದಾ ಎಡಿಟರಿನಲ್ಲಿ ಉಳಿಸಿದಾಗ ಅದು ತಾನಾಗಿ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಸೇರಿಸುವುದುಂಟು. ವಿಂಡೋಸ್ ಈ ಬಾಲವನ್ನು ಸಾಧಾರಣವಾಗಿ ಮರೆಮಾಡಿರುವುದರಿಂದ ನಮಗೆ ಕಾಣುವುದಿಲ್ಲ. ಹೆಸರು ಸರಿಯಾಗಿಯೇ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಫೈಲುಗಳ ಕಿಟಕಿಯ ‘ವ್ಯೂ’ ಪಟ್ಟಿಯಲ್ಲಿ ಹೆಸರಿನ ಬಾಲವನ್ನು ತೋರಿಸುವ ಸೆಟ್ಟಿಂಗ್ ಇದೆ. ಶಾಲೆಯ ಪ್ರತಿಯೊಂದು ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆ ಹಚ್ಚಿಡುವುದು ಶಿಕ್ಷಕರ ಕೆಲಸ, ಮಕ್ಕಳದಲ್ಲ.

ಮೂರನೆಯದು ಸಾಲಿನ ಮುಂದಿನ ಜಾಗ. ಪೈಥಾನ್ ಭಾಷೆಯಲ್ಲಿ ಯಾವ ಸಾಲು ಯಾವುದರ ಅಡಿಯಲ್ಲಿ ಬರುತ್ತದೆಂಬುದನ್ನು ಮುಂದೆ ಬಿಟ್ಟ ಜಾಗದಿಂದಲೇ ತಿಳಿಯಬೇಕು. ಸಾಮಾನ್ಯ ರೂಢಿ ನಾಲ್ಕು ಸ್ಪೇಸುಗಳದು. ಒಬ್ಬನು ಸ್ಪೇಸ್ ಒತ್ತಿ ಜಾಗ ಬಿಟ್ಟಿರುತ್ತಾನೆ, ಅವನ ಪಕ್ಕದವನು ಅದೇ ಫೈಲಿನಲ್ಲಿ ಟ್ಯಾಬ್ ಒತ್ತಿರುತ್ತಾನೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ‘ಟ್ಯಾಬ್ ಎರರ್’ ಎಂಬ ಸೂಚನೆ ಬಂದರೆ ಇದನ್ನೇ ತಿಳಿಯಬೇಕು. ಟ್ಯಾಬ್ ಒತ್ತಿದರೂ ನಾಲ್ಕು ಸ್ಪೇಸುಗಳೇ ಬೀಳುವಂತೆ ಎಡಿಟರಿನಲ್ಲಿ ಸೆಟ್ಟಿಂಗ್ ಮಾಡಬಹುದು. ಕಾಣದ ಜಾಗವನ್ನು ಚುಕ್ಕೆಗಳಾಗಿ ತೋರಿಸುವಂತೆಯೂ ಮಾಡಬಹುದು. ಕಾಣದ ದೋಷವನ್ನು ಕಾಣುವಂತೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ನಾಲ್ಕನೆಯದು ಉದ್ಧರಣ ಚಿಹ್ನೆ. ನಾವು ಪತ್ರಿಕೆಯಲ್ಲಿ ಅಚ್ಚು ಹಾಕುವ ಬಾಗಿದ ಚಿಹ್ನೆ ನೋಡಲು ಚೆಂದ, ಆದರೆ ಪ್ರೋಗ್ರಾಮಿನಲ್ಲಿ ನೆಟ್ಟಗಿನ ಚಿಹ್ನೆಯೇ ಬೇಕು. ವರ್ಡ್ ಫೈಲಿನಿಂದಲೋ ಮೊಬೈಲಿಗೆ ಬಂದ ಸಂದೇಶದಿಂದಲೋ ಎತ್ತಿಕೊಂಡು ಅಂಟಿಸಿದಾಗ ಬಾಗಿದ ಚಿಹ್ನೆ ಒಳಗೆ ನುಸುಳುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಮೊಬೈಲಿನಲ್ಲೇ ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಇನ್ನೊಂದನ್ನು ನೆನಪಿಡಬೇಕು. ಮೊಬೈಲಿನ ಕೀಲಿಮಣೆ ಸಾಲಿನ ಮೊದಲ ಇಂಗ್ಲಿಷ್ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ. ‘ಪ್ರಿಂಟ್’ ಎಂಬ ಆಜ್ಞೆಯ ಮೊದಲಕ್ಷರ ದೊಡ್ಡದಾದರೆ ಪೈಥಾನಿಗೆ ಅದು ಗುರುತೇ ಸಿಗುವುದಿಲ್ಲ. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಈ ಉಪಕಾರವನ್ನು ನಿಲ್ಲಿಸಬಹುದು.

ಇನ್ನು ಕನ್ನಡದ ವಿಷಯ. ಗಡಿಭಾಗದ ನಮಗೆ ಇದು ಹೆಚ್ಚು ಮಹತ್ವದ್ದು. ಕಂಪ್ಯೂಟರ್ ಅಕ್ಷರಗಳನ್ನು ಅಕ್ಷರಗಳಾಗಿ ಇಡುವುದಿಲ್ಲ, ಸಂಖ್ಯೆಗಳಾಗಿ ಇಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಜಗತ್ತಿನ ಭಾಷೆಗಳಿಗೆಲ್ಲ ಗೊತ್ತುಪಡಿಸಿದ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ದೊರೆತಿದೆ. ಅದರ ಹಿಂದಿನ ಓಣಿಯೇ ತೆಲುಗಿನದು. ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ, ತೆಲುಗು ಮನೆಗಳು ಅಕ್ಕಪಕ್ಕದಲ್ಲಿರುವಂತೆಯೇ ಅಲ್ಲಿಯೂ ಇವೆ! ಮರಾಠಿಗೆ ದೇವನಾಗರಿಯ ಓಣಿ ಬೇರೆ ಇದೆ. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಕ್ರಮ ಇಂದು ಎಲ್ಲೆಡೆ ರೂಢಿಯಲ್ಲಿದೆ. ಈ ಕ್ರಮದಲ್ಲಿ ಉಳಿಸಿದ ಫೈಲಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಒಟ್ಟಿಗೆ ಸುಖವಾಗಿರುತ್ತವೆ.

ಆದರೆ ಹಳೆಯ ಯಂತ್ರಗಳಲ್ಲಿ ಎಡಿಟರ್ ಬೇರೆ ಹಳೆಯ ಕ್ರಮದಲ್ಲಿ ಉಳಿಸುವುದುಂಟು. ಆ ಕ್ರಮದಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಸ್ಥಾನವಿಲ್ಲದ ಅಕ್ಷರದ ಬದಲು ಅದು ಪ್ರಶ್ನಾರ್ಥಕ ಚಿಹ್ನೆ ಬರೆಯುತ್ತದೆ. ನಮ್ಮ ಹುಡುಗಿಗೆ ಆದದ್ದು ಇದೇ. ಹಾಗೆ ಮಾಡಿದರೆ ಅಕ್ಷರಗಳು ಕಳೆದುಹೋಗುತ್ತವೆ ಎಂದೇ ಆ ಇಂಗ್ಲಿಷ್ ಸೂಚನೆ ಹೇಳಿತ್ತು. ವಿಂಡೋಸಿನ ನೋಟ್‌ಪ್ಯಾಡ್ 2019ರಿಂದ ಹೊಸ ಫೈಲುಗಳನ್ನು ತಾನಾಗಿ ಯುಟಿಎಫ್-8ರಲ್ಲಿ ಉಳಿಸುತ್ತದೆ; ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಉಳಿಸುವಾಗಲೇ ಎನ್‌ಕೋಡಿಂಗ್ ಎಂಬಲ್ಲಿ ಅದನ್ನು ಆರಿಸಬೇಕು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದ ಫೈಲು ಮತ್ತೆ ಕನ್ನಡವಾಗುವುದಿಲ್ಲ, ಮರಳಿ ಬರೆಯಬೇಕು. ಆದರೆ ಕನ್ನಡದ ಬದಲು ವಿಚಿತ್ರವಾದ ರೋಮನ್ ಅಕ್ಷರಗಳು ಕಂಡರೆ ಹೆದರಬೇಕಾಗಿಲ್ಲ. ಅಕ್ಷರಗಳು ಒಳಗೆ ಸುರಕ್ಷಿತವಾಗಿರುತ್ತವೆ, ಎಡಿಟರ್ ಅವನ್ನು ತಪ್ಪಾಗಿ ಓದುತ್ತಿರುತ್ತದೆ ಅಷ್ಟೆ. ವಿಎಸ್ ಕೋಡಿನ ಕೆಳಗಿನ ಪಟ್ಟಿಯ ಬಲಬದಿಯಲ್ಲಿ ಎನ್‌ಕೋಡಿಂಗ್ ಹೆಸರು ಕಾಣುತ್ತದೆ. ಅದನ್ನು ಒತ್ತಿದರೆ ಎರಡು ದಾರಿ ತೋರಿಸುತ್ತದೆ: ಬೇರೆ ಕ್ರಮದಲ್ಲಿ ಮತ್ತೆ ತೆರೆ ಎಂಬುದೊಂದು, ಬೇರೆ ಕ್ರಮದಲ್ಲಿ ಉಳಿಸು ಎಂಬುದಿನ್ನೊಂದು. ಅಕ್ಷರ ಕೆಟ್ಟು ಕಂಡಾಗ ಮೊದಲು ‘ಮತ್ತೆ ತೆರೆ’ ಎಂಬುದನ್ನೇ ಬಳಸಬೇಕು. ಅವಸರದಲ್ಲಿ ‘ಉಳಿಸು’ ಎಂಬುದನ್ನು ಒತ್ತಿದರೆ ಒಳ್ಳೆಯ ಫೈಲೂ ಕೆಡುತ್ತದೆ.

ಶಾಲೆಯ ಕಚೇರಿಯಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳ ಕತೆ ಬೇರೆ. ಆ ಫಾಂಟುಗಳು ಇಂಗ್ಲಿಷ್ ಮುಂತಾದ ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ರೂಪ ತೊಡಿಸಿದಂಥವು. ಫಾಂಟ್ ತೆಗೆದರೆ ವೇಷ ಕಳಚಿ ಬೀಳುತ್ತದೆ. ಮರಾಠಿಯ ಹಳೆಯ ಶ್ರೀಲಿಪಿ ಕಡತಗಳಿಗೂ ಇದೇ ಅವಸ್ಥೆ. ಇವುಗಳಿಗೆ ಎನ್‌ಕೋಡಿಂಗ್ ಬದಲಿಸಿ ಉಪಯೋಗವಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಸಾಧನದಿಂದ ಪರಿವರ್ತಿಸಬೇಕು.

ಪ್ರಶ್ನಾರ್ಥಕ ಚಿಹ್ನೆಯಲ್ಲದೆ ಖಾಲಿ ಚೌಕಗಳು ಕಂಡರೆ ಅದು ಮೂರನೆಯ ಬಗೆ. ಅಕ್ಷರ ಸರಿಯಾಗಿದೆ, ತೋರಿಸಲು ಫಾಂಟ್ ಇಲ್ಲ ಎಂದು ಅದರ ಅರ್ಥ. ಎಡಿಟರಿನ ಫಾಂಟ್ ಸೆಟ್ಟಿಂಗಿನಲ್ಲಿ ಇಂಗ್ಲಿಷ್ ಫಾಂಟಿನ ನಂತರ ಅಲ್ಪವಿರಾಮ ಹಾಕಿ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಎಂದು ಸೇರಿಸಿದರೆ ಸಾಕು. ಆದರೆ ಆ ಫಾಂಟ್ ಯಂತ್ರದಲ್ಲಿ ಇರಬೇಕು. ಎಡಿಟರಿನಲ್ಲಿ ಸರಿಯಾಗಿ ಕಂಡ ಕನ್ನಡ, ಉತ್ತರ ತೋರಿಸುವ ಕಪ್ಪು ಕಿಟಕಿಯಲ್ಲಿ ಚೌಕವಾಗಿ ಕಂಡರೆ ದೋಷ ಆ ಕಿಟಕಿಯದು, ಪ್ರೋಗ್ರಾಮಿನದಲ್ಲ. ಉತ್ತರವನ್ನು ಒಂದು ಫೈಲಿಗೆ ಯುಟಿಎಫ್-8ರಲ್ಲಿ ಬರೆಯಿಸಿ, ಎಡಿಟರಿನಲ್ಲಿ ತೆರೆದು ನೋಡಿದರೆ ಸತ್ಯ ತಿಳಿಯುತ್ತದೆ.

ಕೀಲಿಮಣೆಯ ಗೊಂದಲವೂ ಕಡಿಮೆಯಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಬರೆಯಲು ಇಂಗ್ಲಿಷಿನ ಎಫ್ ಕೀಲಿ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಡಿ ಕೀಲಿ. ಒಂದನ್ನು ಕಲಿತವನು ಇನ್ನೊಂದರ ಮುಂದೆ ಕುಳಿತರೆ ಒತ್ತಕ್ಷರವೇ ಮೂಡುವುದಿಲ್ಲ. ನಮ್ಮ ಮತವನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. 1986ರಲ್ಲಿ ಭಾರತ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ಪ್ರಮಾಣೀಕರಿಸಿದ ಇನ್‌ಸ್ಕ್ರಿಪ್ಟಿನಲ್ಲಿ ಕನ್ನಡದ ಕಕಾರವೂ ದೇವನಾಗರಿಯ ಕಕಾರವೂ ಒಂದೇ ಕೀಲಿಯಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳು ಇದನ್ನು ಒಮ್ಮೆ ಕಲಿತರೆ ಎರಡು ಭಾಷೆಗಳ ಟೈಪಿಂಗ್ ಬಂದಂತೆ. ಆದುದರಿಂದ ಗಡಿಭಾಗದ ಶಾಲೆಗಳಿಗೆ ಅದೇ ಒಳ್ಳೆಯದು. ಪ್ರೋಗ್ರಾಮಿನ ಆಜ್ಞೆಗಳನ್ನು ಬರೆಯುವಾಗ ಮಾತ್ರ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಮರಳುವುದನ್ನು ಮರೆಯಬಾರದು.

ಸೂಕ್ಷ್ಮವಾದ ಇನ್ನೊಂದು ದೋಷ ಉಂಟು. 2008ರಲ್ಲಿ ಬಂದ ಪೈಥಾನ್ 3ನೆಯ ಆವೃತ್ತಿಯಿಂದ ‘ಅಂಕ’, ‘ಹೆಸರು’ ಎಂದು ಕನ್ನಡದಲ್ಲೇ ಚರಾಕ್ಷರಗಳಿಗೆ ಹೆಸರಿಡಬಹುದು. ಆದರೆ ಕನ್ನಡ ಬರೆಯುವಾಗ ವ್ಯಂಜನವನ್ನು ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಕೀಲಿಮಣೆ ಸೇರಿಸುವುದುಂಟು. ‘ಫೋನ್‌ಗೆ’ ಎಂಬಲ್ಲಿ ನಕಾರದ ಕೆಳಗೆ ಗಕಾರ ಇಳಿಯದಂತೆ ತಡೆಯುವುದು ಅದೇ. ವಾಕ್ಯದಲ್ಲಿ ಅದು ಬೇಕು. ಚರಾಕ್ಷರದ ಹೆಸರಿನಲ್ಲಿ ಬಂದರೆ ಪೈಥಾನ್ ಒಪ್ಪುವುದಿಲ್ಲ. ಹಾಗೆಯೇ ಪ್ರೋಗ್ರಾಮಿನ ಸಾಲಿನಲ್ಲಿ ನೇರವಾಗಿ ಕನ್ನಡ ಅಂಕಿ ಬರೆದರೆ ತಪ್ಪು ಎನ್ನುತ್ತದೆ. ಆದರೆ ಬಳಸುವವನು ಉತ್ತರವಾಗಿ ಕನ್ನಡ ಅಂಕಿಯಲ್ಲಿ ಹನ್ನೆರಡು ಎಂದು ಬರೆದುಕೊಟ್ಟರೆ, ಅದನ್ನು ಸಂಖ್ಯೆಯಾಗಿ ಪರಿವರ್ತಿಸಲು ಪೈಥಾನಿಗೆ ಬರುತ್ತದೆ. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂದವಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಒಂದು ಚಿಕ್ಕ ಪ್ರಯೋಗವನ್ನು ವಿದ್ಯಾರ್ಥಿಗಳು ಮಾಡಿ ನೋಡಬೇಕು. ಅಕ್ಕಲಕೋಟ ಎಂಬ ಹೆಸರಿನಲ್ಲಿ ನಮ್ಮ ಲೆಕ್ಕಕ್ಕೆ 5 ಅಕ್ಷರಗಳು. ಪೈಥಾನ್ ಎಣಿಸಿದರೆ 8 ಎನ್ನುತ್ತದೆ. ಸೊಲ್ಲಾಪುರದಲ್ಲಿ ನಮಗೆ 4, ಅದಕ್ಕೆ 9. ಇದು ತಪ್ಪಲ್ಲ. ಅದು ಒತ್ತು, ಕೊಂಬು, ದೀರ್ಘಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಯಾವುದು ದೋಷ, ಯಾವುದು ಯಂತ್ರದ ಸ್ವಭಾವ ಎಂಬ ವಿವೇಚನೆಯೂ ವಿದ್ಯೆಯೇ ಆಗಿದೆ.

ದೋಷ ಯಾವುದೇ ಇರಲಿ, ಹುಡುಕುವ ಕ್ರಮ ಒಂದೇ. ಹೊಲದಲ್ಲಿ ಪಂಪ್‌ಸೆಟ್ ನೀರೆತ್ತದಿದ್ದರೆ ರೈತನು ಏನು ಮಾಡುತ್ತಾನೆ? ಮೊದಲು ಕರೆಂಟು ಇದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತದೆಯೇ, ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಎಲ್ಲವನ್ನೂ ಒಮ್ಮೆಲೇ ಬಿಚ್ಚಿ ಹಾಕುವುದಿಲ್ಲ. ಎಡಿಟರಿನಲ್ಲಿಯೂ ಹಾಗೆಯೇ. ಸೂಚನೆಯ ಕೊನೆಯ ಸಾಲನ್ನು ಮೊದಲು ಓದಬೇಕು. ಅದರಲ್ಲಿ ದೋಷದ ಜಾತಿ ಇರುತ್ತದೆ. ನಂತರ ಸಾಲಿನ ಸಂಖ್ಯೆ ನೋಡಬೇಕು. ಆ ಸಾಲು ಸರಿಯಿದ್ದರೆ ಅದರ ಮೇಲಿನ ಸಾಲಿನಲ್ಲಿ ಕಂಸ ಮುಚ್ಚಿದೆಯೇ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನು ವಹಿಯಲ್ಲಿ ಬರೆದಿಡಬೇಕು. ಫಲ ಕಾಣದಿದ್ದರೆ ಮೊದಲಿನಂತೆ ಮಾಡಿ ಮುಂದಿನದಕ್ಕೆ ಹೋಗಬೇಕು.

ಎಡಿಟರಿಗೆ ಹೊರಗಿನಿಂದ ಸೇರಿಸಿದ ಎಕ್ಸ್‌ಟೆನ್ಶನ್ ಎಂಬ ಉಪಾಂಗಗಳಿಂದಲೂ ತೊಂದರೆ ಬರುವುದುಂಟು. ಆಗ ಅರ್ಧವನ್ನು ನಿಲ್ಲಿಸಿ ನೋಡಬೇಕು. ತೊಂದರೆ ಹೋದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಹೋಗದಿದ್ದರೆ ಉಳಿದರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 32 ಉಪಾಂಗಗಳಿದ್ದರೂ 5ನೆಯ ಸಲಕ್ಕೆ ಕಳ್ಳ ಸಿಗುತ್ತಾನೆ. ಎರಡರ ಘಾತಗಳನ್ನು ಗಣಿತದಲ್ಲಿ ಏಕೆ ಕಲಿಸುತ್ತಾರೆಂದು ಕೇಳುವ ವಿದ್ಯಾರ್ಥಿಗಳಿಗೆ ಇದು ಉತ್ತರವಾಗಬಹುದು.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ. ಕೆಲವು ಪಾಲಕರು, ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಇರುವಾಗ ಮಾಧ್ಯಮವನ್ನೇ ಬದಲಿಸುವುದು ಒಳ್ಳೆಯದಲ್ಲವೇ ಎನ್ನುತ್ತಾರೆ. ಅವರ ಚಿಂತೆ ಹುಸಿಯಲ್ಲ. ಇಂಗ್ಲಿಷ್ ಓದಲಾರದುದರಿಂದಲೇ ಆ ಹುಡುಗಿ ‘ಓಕೆ’ ಒತ್ತಿದ್ದು ನಿಜ. ಆದರೆ ವಿಚಾರ ಮಾಡಿ ನೋಡಿ: ಪದೇ ಪದೇ ಬರುವ ದೋಷಸೂಚನೆಗಳು ಮಾತಿನಲ್ಲಿ ಬಹಳ ಇಲ್ಲ. ಮೂವತ್ತು ನಲವತ್ತು ಶಬ್ದಗಳ ಅರ್ಥ ತಿಳಿದರೆ ಶಾಲೆಯ ಮಟ್ಟಿಗೆ ಹೆಚ್ಚಿನ ಕೆಲಸ ಸಾಗುತ್ತದೆ. ಅಷ್ಟು ಶಬ್ದಗಳಿಗಾಗಿ ಗಣಿತ, ವಿಜ್ಞಾನ, ಇತಿಹಾಸಗಳನ್ನೆಲ್ಲ ತಿಳಿಯದ ಭಾಷೆಗೆ ಒಪ್ಪಿಸುವುದು, ಎಮ್ಮೆಯ ಹಗ್ಗ ಹರಿದಿದೆಯೆಂದು ಎಮ್ಮೆಯನ್ನೇ ಮಾರಿದಂತೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಮಕ್ಕಳಿಗೆ ಕನ್ನಡದಲ್ಲಿಯೂ ಪಠ್ಯಪುಸ್ತಕ ಪ್ರಕಟಿಸುತ್ತ ಬಂದಿದೆ. ಕನ್ನಡದಲ್ಲಿ ತಿಳಿದ ಬುದ್ಧಿ ಕಂಪ್ಯೂಟರಿನ ಮುಂದೆ ಮಂಕಾಗಬೇಕಾದ ಕಾರಣವಿಲ್ಲ.

ಇನ್ನು ಕೆಲವರು ಎಡಿಟರ್, ಆಜ್ಞೆ, ಸೂಚನೆ ಎಲ್ಲವೂ ಕನ್ನಡದಲ್ಲಿ ಆಗುವವರೆಗೆ ಕನ್ನಡದ ಮಕ್ಕಳಿಗೆ ನ್ಯಾಯವಿಲ್ಲ ಎನ್ನುತ್ತಾರೆ. ಅಂಥ ಪ್ರಯತ್ನಗಳು ಗೌರವಾರ್ಹವೇ. ಮಕ್ಕಳಿಗಾಗಿ ಇರುವ ಲೋಗೋ ಭಾಷೆಯ ಕನ್ನಡ ರೂಪವನ್ನು ಯು. ಬಿ. ಪವನಜ ಅವರು ಸಿದ್ಧಪಡಿಸಿದ್ದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಕಾಯುತ್ತ ಕುಳಿತರೆ ಇಂದಿನ ಒಂಬತ್ತನೆಯ ಇಯತ್ತೆಯವರು ನಾಳೆ ಶಾಲೆ ಬಿಟ್ಟು ಹೋಗಿರುತ್ತಾರೆ. ಇಂದು ಇರುವ ಸಾಧನವನ್ನೇ ಸರಿಮಾಡಿಕೊಂಡು ಬಳಸುವ ಜಾಣತನ ಬೇಕು.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಒಂದು, ಶಾಲೆ ಪ್ರಾರಂಭವಾಗುವ ಜೂನ್ ತಿಂಗಳಲ್ಲಿಯೇ ಪ್ರತಿಯೊಂದು ಕಂಪ್ಯೂಟರಿನಲ್ಲಿ ಯುಟಿಎಫ್-8, ನಾಲ್ಕು ಸ್ಪೇಸ್, ಕನ್ನಡ ಫಾಂಟ್, ಇನ್‌ಸ್ಕ್ರಿಪ್ಟ್ ಕೀಲಿಮಣೆ, ಹೆಸರಿನ ಬಾಲ ಕಾಣುವ ವ್ಯವಸ್ಥೆ ಈ ಐದನ್ನೂ ಸರಿಪಡಿಸಿಡಬೇಕು. ಎರಡು, ಪ್ರತಿ ಕಂಪ್ಯೂಟರಿನ ಪಕ್ಕದಲ್ಲಿ ಒಂದು ವಹಿ ಇರಲಿ. ಎಡಪುಟದಲ್ಲಿ ಬಂದ ಸೂಚನೆ, ಬಲಪುಟದಲ್ಲಿ ಅದರ ಅರ್ಥ ಮತ್ತು ಪರಿಹಾರ ಕನ್ನಡದಲ್ಲಿ. ಇಂದು ಒಬ್ಬ ಬರೆದದ್ದು ನಾಳೆ ಇನ್ನೊಬ್ಬನಿಗೆ ಗುರುವಾಗುತ್ತದೆ. ಮೂರು, ಪ್ರಾತ್ಯಕ್ಷಿಕ ಪರೀಕ್ಷೆಯಲ್ಲಿ ಸರಿಯಾದ ಪ್ರೋಗ್ರಾಮಿಗೆ ಅಂಕ ಕೊಡುವಂತೆ, ಕೆಟ್ಟ ಪ್ರೋಗ್ರಾಮಿನ ದೋಷ ಹುಡುಕಿದ್ದಕ್ಕೂ ಅಂಕ ಕೊಡಬೇಕು. ಹಲಗೆಯ ಮೇಲಿನದನ್ನು ನೋಡಿ ಬರೆದವನಿಗಿಂತ ಕೆಟ್ಟದ್ದನ್ನು ಸರಿಮಾಡಿದವನು ಹೆಚ್ಚು ಕಲಿತಿರುತ್ತಾನೆ. ನಾಲ್ಕು, ಇದು ನಮಗೇ ಹೇಳಿಕೊಳ್ಳುವ ಮಾತು: ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಹೇಳಿ, ಮಗುವಿನ ಪಕ್ಕದಲ್ಲಿ ಕುಳಿತು ಹುಡುಕಬೇಕು. ಗದರಬಾರದು.

ಪಾಲಕರಲ್ಲಿ ಒಂದೇ ವಿನಂತಿ. ಮಗು ಮನೆಗೆ ಬಂದು ‘ನನಗ ಕಂಪ್ಯೂಟರ್ ಬರಂಗಿಲ್ಲ’ ಎಂದರೆ ‘ಎಷ್ಟು ಅಂಕ ಬಿದ್ದವು?’ ಎಂದು ಕೇಳುವ ಮೊದಲು ‘ಏನ್ ಸೂಚನಾ ಬಂದಿತ್ತು?’ ಎಂದು ಕೇಳಿ. ನಿಮಗೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ. ಮಗ್ಗವನ್ನೋ ಮೋಟಾರನ್ನೋ ನೀವು ಹೇಗೆ ಸರಿಮಾಡುತ್ತೀರಿ ಎಂಬುದನ್ನು ಹೇಳಿದರೆ ಸಾಕು. ಉಳಿದದ್ದನ್ನು ಮಗು ತಾನೇ ಹೊಂದಿಸಿಕೊಳ್ಳುತ್ತದೆ.

ಆ ವಿದ್ಯಾರ್ಥಿನಿ ಶಾಲೆ ಬಿಡಲಿಲ್ಲ. ಕಳೆದುಹೋದ ಸಾಲುಗಳನ್ನು ಮರಳಿ ಬರೆದಳು, ಯುಟಿಎಫ್-8ರಲ್ಲಿ ಉಳಿಸಿದಳು. ಈಗ ಅವಳ ಪ್ರೋಗ್ರಾಂ ಹೆಸರು ಕೇಳುತ್ತದೆ, ಅಂಕ ಕೇಳುತ್ತದೆ, ಅಚ್ಚ ಕನ್ನಡದಲ್ಲಿ ಫಲಿತಾಂಶ ಹೇಳುತ್ತದೆ. ಕಂಪ್ಯೂಟರ್ ಕೋಣೆಯ ವಹಿಯ ಮೊದಲ ಪುಟದಲ್ಲಿ ಅವಳ ಕೈಬರಹದಲ್ಲಿಯೇ ಪ್ರಶ್ನಾರ್ಥಕ ಚಿಹ್ನೆಗಳ ಕಾರಣವೂ ಪರಿಹಾರವೂ ಇವೆ. ಅದನ್ನು ಓದಿದ ಎಂಟನೆಯ ಇಯತ್ತೆಯ ಮಕ್ಕಳು ಆ ತಪ್ಪನ್ನು ಮತ್ತೆ ಮಾಡಿಲ್ಲ. ವಿದ್ಯಾರ್ಥಿ ಮಿತ್ರರೆ, ಇನ್ನು ಮುಂದೆ ನಿಮ್ಮಲ್ಲಿ ಯಾರಾದರೂ ನೆಲ ಡೊಂಕು ಎಂದರೆ ನಾವು ಗಾದೆ ಹೇಳುವುದಿಲ್ಲ. ನಿಮ್ಮೊಂದಿಗೆ ಬಗ್ಗಿ ನೆಲವನ್ನು ನೋಡುತ್ತೇವೆ.